ಒಂದು ಅಂಕಿತನಾಮದ ಕಥೆ

ಮದರಾಸಿನಿಂದ ಕಲ್ಕತ್ತೆಗೆ ಸಾಗುವ ಹಳೆಯ ಹೆದ್ದಾರಿಯೂ, ಕೃಷ್ಣಾತೀರದ ವಿಜಯವಾಡದಿಂದ ಹೊರಟು ಕಡಲಂಚಿನ ಮಚಲೀಪಟ್ಟಣವನ್ನು ಮುಟ್ಟುವ ಬಂದರು ರಸ್ತೆಯೂ ಒಂದನ್ನೊಂದು ಹಾಯ್ದುಹೋಗುವ ಕೂಡುದಾರಿಗೆ ಬೆಂಜ್ ಸರ್ಕಲ್ ಎಂದು ಹೆಸರು. ಇಂದು ಹೆದ್ದಾರಿಯ ವಾಹನಗಳು ಅಲ್ಲಿ ಮೇಲುಸೇತುವೆಯನ್ನೇರಿ, ಊರಿನ ಕಡೆಗೆ ತಿರುಗಿಯೂ ನೋಡದೆ ಹೊರಟುಹೋಗುತ್ತವೆ. ಕೆಳಗೆ, ಸೇತುವೆಯ ನೆರಳಿನಲ್ಲಿ, ಆಟೋದವರು ಆ ಹೆಸರನ್ನು ಬೆಳಗಿನಿಂದ ಬೈಗಿನವರೆಗೆ ಕೂಗುತ್ತಿರುತ್ತಾರೆ. ಕೂಗುವವರಿಗಾಗಲಿ, ಹತ್ತಿ ಕುಳಿತುಕೊಳ್ಳುವವರಿಗಾಗಲಿ, 1886ರಲ್ಲಿ ತಾನು ಕಟ್ಟಿದ ಮೂರು ಗಾಲಿಯ ಮೋಟಾರು ಗಾಡಿಗೆ ಹಕ್ಕುಪತ್ರವನ್ನು ಪಡೆದ ಕಾರ್ಲ್ ಬೆಂಜ್ ಎಂಬ ಜರ್ಮನ್ ಯಂತ್ರಶಿಲ್ಪಿಯ ನೆನಪು ಬರುವುದಿಲ್ಲ. ಬರಬೇಕಾದ ಕಾರಣವೂ ಇಲ್ಲ. ಒಬ್ಬ ಮನುಷ್ಯನ ಹೆಸರು ಮೊದಲು ಒಂದು ಗಾಡಿಗೆ, ಬಳಿಕ ಆ ಗಾಡಿಯನ್ನು ಮಾಡುವ ಕಂಪನಿಗೆ, ಕಟ್ಟಕಡೆಗೆ ಅವನು ಕಂಡು ಕೇಳದ ಒಂದು ನಾಡಿನ ನಾಲ್ಕುದಾರಿಗೆ ಅಂಟಿಕೊಂಡು, ಅಲ್ಲಿಯ ಮಣ್ಣಿನ ಮಾತೇ ಆಗಿಹೋಯಿತು.

ನಮ್ಮ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಾಮಪದಗಳನ್ನು ವಿಂಗಡಿಸುವಾಗ ರೂಢ, ಅನ್ವರ್ಥ, ಅಂಕಿತ ಎಂಬ ಮೂರು ಬಗೆಗಳನ್ನು ಹೇಳುತ್ತಾನೆ. ಲೋಕದಲ್ಲಿ ಹಿಂದಿನಿಂದ ನಡೆದು ಬಂದದ್ದು ರೂಢನಾಮ. ಅರ್ಥಕ್ಕೆ ಅನುಗುಣವಾಗಿ ಸಂದದ್ದು ಅನ್ವರ್ಥನಾಮ. ವ್ಯವಹಾರಕ್ಕಾಗಿ ಒಬ್ಬರಿಗೆಂದು ಇಟ್ಟದ್ದು ಅಂಕಿತನಾಮ. ಶಾಲೆಯಲ್ಲಿ ಇವನ್ನು ಮೂರು ಬೇರೆಬೇರೆ ಗೂಡುಗಳೆಂಬಂತೆ ನಾವು ಬಾಯಿಪಾಠ ಮಾಡಿದವರು. ಆದರೆ ಭಾಷೆಯೆಂಬುದು ಜೀವವಿರುವ ವಸ್ತುವಾದುದರಿಂದ, ಒಂದು ಗೂಡಿನ ಹಕ್ಕಿ ಇನ್ನೊಂದು ಗೂಡಿಗೆ ಹಾರಿ ಅಲ್ಲಿಯೇ ಮೊಟ್ಟೆಯಿಡುವುದೂ ಉಂಟು. ಬೆಂಜ್ ಸರ್ಕಲ್ಲು ಅದಕ್ಕೆ ಒಂದು ನಿದರ್ಶನ. ಅದಕ್ಕಿಂತ ರಸವತ್ತಾದ ಇನ್ನೊಂದು ನಿದರ್ಶನವು ಅದೇ ತೆಲುಗು ನಾಡಿನಲ್ಲಿಯೇ ದೊರೆಯುತ್ತದೆ: ತಂದೆತಾಯಿಗಳು ಅಕ್ಕರೆಯಿಂದ ತಮ್ಮ ಮಗಳಿಗಿಟ್ಟ ಒಂದು ಅಂಕಿತನಾಮವು, ಆಕೆ ಬದುಕಿದ್ದಾಗಲೇ, ಆಕೆಯ ಕಣ್ಣೆದುರಿಗೇ, ರೂಢನಾಮವಾಗಿ ಮಾರ್ಪಟ್ಟಿತು. ಆ ಹೆಸರು ಸೂರ್ಯಕಾಂತಂ.

ತೆಲುಗರ ಮನೆಯಲ್ಲಿ “ಆಕೆಯೊಬ್ಬ ಸೂರ್ಯಕಾಂತಂ” ಎಂದರೆ ಮುಂದೆ ವಿವರಣೆ ಬೇಕಿಲ್ಲ. ಸೊಸೆಯನ್ನು ಕಾಡುವ ಅತ್ತೆ, ಗಂಡನ ಬಾಯಿ ಕಟ್ಟಿದ ಹೆಂಡತಿ, ಬೀಗದ ಕೈಗೊಂಚಲನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಪಡಸಾಲೆಯಲ್ಲಿ ಕುಳಿತು ಬೀದಿಯ ಸುದ್ದಿಯನ್ನೆಲ್ಲ ವಿಚಾರಿಸುವ ಯಜಮಾನಿತಿ, ಇಷ್ಟೂ ಆ ಒಂದು ಮಾತಿನಲ್ಲಿ ಅಡಗಿವೆ. ಇಂಥವಳಿಗೆ ಅವರ ಭಾಷೆಯಲ್ಲಿಯೂ ನಮ್ಮ ಭಾಷೆಯಲ್ಲಿಯೂ ಸಮಾನವಾಗಿ ಇರುವ ಹಳೆಯ ಮಾತು ಗಯ್ಯಾಳಿ. ಎರಡು ನಾಡಿಗೂ ಒಪ್ಪಿಗೆಯಾದ ಆ ಮಾತು ಮೊದಲೇ ಇದ್ದಿತಾದರೂ, ತೆಲುಗರು ಅದರ ಪಕ್ಕಕ್ಕೆ ಒಬ್ಬ ನಟಿಯ ಹೆಸರನ್ನು ತಂದು ಕೂರಿಸಿದರು. ಇದು ಹೇಗಾಯಿತು, ಇದರಿಂದ ಆ ಹೆಸರಿನ ಒಡತಿಗೆ ಏನು ಸಂದಿತು, ಏನು ಸಲ್ಲದೆ ಹೋಯಿತು ಎಂಬುದನ್ನು ವಿಚಾರಿಸುವುದು ಈ ಬರೆಹದ ಉದ್ದೇಶ.

ಮೊದಲು ನೆಲದ ಮಾತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗೋದಾವರಿಗೆ ಧವಳೇಶ್ವರದಲ್ಲಿಯೂ ಕೃಷ್ಣೆಗೆ ಇಂದಿನ ವಿಜಯವಾಡವಾದ ಬೆಜವಾಡದಲ್ಲಿಯೂ ಅಣೆಕಟ್ಟುಗಳಾದವು. ಎರಡು ನದಿಗಳ ಮುಖಜಭೂಮಿಗೆ ಕಾಲುವೆಯ ನೀರು ಹರಿಯಿತು. ಭತ್ತದ ಕಣಜಗಳು ತುಂಬಿದವು. ಹೊಟ್ಟೆ ತುಂಬಿದ ನಾಡಿಗೆ ನಾಟಕದ ಮೇಲೆ ಮನಸ್ಸು ಹೋಗುವುದು ಲೋಕರೂಢಿ. ನಾಟಕದಿಂದ ಸಿನಿಮಾಕ್ಕೆ ದಾರಿ ದೂರವಲ್ಲ. 1921ರಲ್ಲಿ ಪೋತಿನ ಶ್ರೀನಿವಾಸರಾಯರು ಬೆಜವಾಡದಲ್ಲಿ ಕಟ್ಟಿಸಿದ ಮಾರುತಿ ಟಾಕೀಸು ಆಂಧ್ರದ ಮೊತ್ತಮೊದಲ ಕಾಯಂ ಚಿತ್ರಮಂದಿರವೆಂದು ಹೆಸರಾಯಿತು. ಬಂದರು ರಸ್ತೆಯ ಆಚೆಯ ಸೀಮೆಗೆ ಒಡೆಯರಾಗಿದ್ದ ಚಲ್ಲಪಲ್ಲಿಯ ರಾಜರ ಹಣದಿಂದ ಸಾರಥಿ ಸಂಸ್ಥೆಯು ಹುಟ್ಟಿ, ಗೂಡವಲ್ಲಿ ರಾಮಬ್ರಹ್ಮಂ ಅವರ ನಿರ್ದೇಶನದಲ್ಲಿ 1938ರಲ್ಲಿ ‘ಮಾಲಪಿಲ್ಲ’ವನ್ನೂ 1939ರಲ್ಲಿ ‘ರೈತುಬಿಡ್ಡ’ವನ್ನೂ ಹೊರತಂದಿತು, ಜಮೀನ್ದಾರನ ಹಣದಿಂದಲೇ ಜಮೀನ್ದಾರಿಯ ಅನ್ಯಾಯವನ್ನು ಎತ್ತಿ ಆಡಿದ ಈ ಎರಡನೆಯ ಚಿತ್ರದ ವಿಚಿತ್ರವು ಆ ಕಾಲದ ಔದಾರ್ಯಕ್ಕೂ ವಿಪರ್ಯಾಸಕ್ಕೂ ಒಟ್ಟಿಗೆ ಸಾಕ್ಷಿಯಾಗಿದೆ. ಚಿತ್ರಗಳು ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ; ಆದರೆ ಅವುಗಳ ಡಬ್ಬಗಳು ಬಂದಿಳಿಯುತ್ತಿದ್ದುದು, ಹಂಚಿಕೆದಾರರು ಲೆಕ್ಕ ನೋಡುತ್ತಿದ್ದುದು, ಹಣೆಬರೆಹ ತೀರ್ಮಾನವಾಗುತ್ತಿದ್ದುದು ವಿಜಯವಾಡದ ಗಾಂಧಿನಗರದ ಓಣಿಗಳಲ್ಲಿ. ಅಕ್ಕಿನೇನಿ ನಾಗೇಶ್ವರರಾಯರು ನಿರ್ಮಾಪಕ ಘಂಟಸಾಲ ಬಲರಾಮಯ್ಯನವರ ಕಣ್ಣಿಗೆ ಬಿದ್ದದ್ದೂ ಆ ಊರಿನ ರೈಲ್ವೆ ನಿಲ್ದಾಣದಲ್ಲಿಯೇ.

ಇಂಥ ನೆಲದಲ್ಲಿ ನಾಯಕರೂ ನಾಯಿಕೆಯರೂ ಹುಟ್ಟಿದ್ದು ಆಶ್ಚರ್ಯವಲ್ಲ. ಹಾಸ್ಯಕ್ಕೆ ಹೆಂಗಸೊಬ್ಬಳು ಹುಟ್ಟಿ ಬಂದದ್ದು ಮಾತ್ರ ಸ್ವಲ್ಪ ಯೋಚಿಸತಕ್ಕ ವಿಷಯ. ಹಾಸ್ಯರಸವು ಹೆಚ್ಚಾಗಿ ಸ್ತ್ರೀಯರಲ್ಲಿಯೂ ನೀಚಪ್ರಕೃತಿಯವರಲ್ಲಿಯೂ ಕಾಣತಕ್ಕದ್ದೆಂದು ನಾಟ್ಯಶಾಸ್ತ್ರವು ಹೇಳುತ್ತದೆ. ಹೀಗೆ ಹೇಳಿಯೂ, ನಮ್ಮ ಪ್ರಾಚೀನ ನಾಟಕಕಾರರು ನಗಿಸುವ ಅಧಿಕಾರವನ್ನು ಸ್ತ್ರೀಗೆ ಕೊಡದೆ, ಮೋದಕಪ್ರಿಯನಾದ ವಿದೂಷಕನ ಕೈಯಲ್ಲಿಟ್ಟರು. ಬಂದರು ರಸ್ತೆಯಲ್ಲಿ ಪಾಮರ್ರು ಮುಟ್ಟಿ ಬಲಕ್ಕೆ ತಿರುಗಿದರೆ ಸಿಕ್ಕುವ ಕೂಚಿಪೂಡಿಯಲ್ಲಿ, ಮುನಿದ ಸತ್ಯಭಾಮೆಯು ಜಡೆಯನ್ನು ಬೀಸಿ ಸಭೆಯನ್ನು ರಂಜಿಸುವ ಭಾಮಾಕಲಾಪವನ್ನು ತಲೆತಲಾಂತರದಿಂದ ಗಂಡಸರೇ ಆಡಿಕೊಂಡು ಬಂದರು. ಬಾಪಟ್ಲದ ಸ್ಥಾನಂ ನರಸಿಂಹರಾಯರು ಸತ್ಯಭಾಮೆಯ ಪಾತ್ರದಲ್ಲಿಯೇ ಕೀರ್ತಿಶಾಲಿಗಳಾದರು. ನಮ್ಮ ಯಕ್ಷಗಾನದಲ್ಲಿಯೂ ಬೊಚ್ಚುಬಾಯಿಯ ಮುದುಕಿಯನ್ನು ತಂದು ನಿಲ್ಲಿಸುವವನು ಹಾಸ್ಯಗಾರನೇ ಹೊರತು ಹೆಂಗಸಲ್ಲ. ಜಗಳವಾಡುವ ಹೆಣ್ಣು ಲೋಕಕ್ಕೆ ವಿನೋದದ ವಸ್ತು. ಆದರೆ ಆ ವಿನೋದವನ್ನು ಹೆಣ್ಣೇ ಮಾಡಿ ತೋರಿಸುವುದು ಲೋಕಕ್ಕೆ ಇರುಸುಮುರುಸು. ಸಿನಿಮಾವೆಂಬ ಯಂತ್ರವು, ಹತ್ತಿರದಿಂದ ನೋಡುವ ತನ್ನ ಕಣ್ಣಿಗೆ ಮೀಸೆ ಬೋಳಿಸಿದ ಸತ್ಯಭಾಮೆಯು ಒಪ್ಪಿಗೆಯಾಗದೆ ಹೋದುದರಿಂದ, ಈ ಬಾಗಿಲನ್ನು ಸ್ತ್ರೀಯರಿಗೆ ತೆರೆಯಿತು. ತಮಿಳಿನಲ್ಲಿ ಟಿ. ಎ. ಮಧುರಂ ಅವರು ಎನ್. ಎಸ್. ಕೃಷ್ಣನ್ ಅವರೊಡನೆ ಜೋಡಿಯಾಗಿ ಈ ಬಾಗಿಲನ್ನು ಹೊಕ್ಕರು. ತೆಲುಗಿನಲ್ಲಿ ಒಬ್ಬಂಟಿಯಾಗಿ ಹೊಕ್ಕು ಒಳಮನೆಯನ್ನೇ ವಶಪಡಿಸಿಕೊಂಡವರು ಸೂರ್ಯಕಾಂತಂ.

ಅವರು ಹುಟ್ಟಿದ್ದು ಗೋದಾವರಿಯ ಸೀಮೆಯಲ್ಲಿ, ಕಾಕಿನಾಡದ ಬಳಿಯ ವೆಂಕಟಕೃಷ್ಣರಾಯಪುರದಲ್ಲಿ, 1924ರ ಅಕ್ಟೋಬರ್ 28ರಂದು. ತಂದೆತಾಯಿಗಳಿಗೆ ಹದಿನಾಲ್ಕನೆಯ ಸಂತಾನ. ಅಷ್ಟು ಮಕ್ಕಳ ಮನೆಯಲ್ಲಿ ತನ್ನ ಮಾತನ್ನು ಎಲ್ಲರೂ ಕೇಳಬೇಕಾದರೆ ಧ್ವನಿಯನ್ನು ಏರಿಸಬೇಕೆಂಬ ಮೊದಲ ಪಾಠವನ್ನು ಆಕೆ ತೊಟ್ಟಿಲಲ್ಲಿಯೇ ಕಲಿತಿರಬಹುದೆಂದು ಊಹಿಸಿದರೆ ತಪ್ಪಾಗಲಾರದು. ಎಳೆಯ ಪ್ರಾಯದಲ್ಲಿಯೇ ಹಾಡುಗಾರಿಕೆ ನೃತ್ಯಗಳ ಪರಿಚಯವಾಯಿತು. ಹಿಂದಿ ಚಿತ್ರಗಳ ಭಿತ್ತಿಪತ್ರಗಳು ಕಣ್ಣನ್ನು ಸೆಳೆದವು. ತಾರುಣ್ಯದಲ್ಲಿ ಮದರಾಸಿನ ದಾರಿ ಹಿಡಿದರು. 1946ರ ‘ನಾರದ ನಾರದಿ’ಯಲ್ಲಿ ಚಿಕ್ಕ ಪಾತ್ರವೊಂದು ದೊರೆಯಿತು. ಎಸ್. ಎಸ್. ವಾಸನ್ ಅವರ ಜೆಮಿನಿ ಸ್ಟುಡಿಯೋದಲ್ಲಿ ‘ಚಂದ್ರಲೇಖಾ’ ಚಿತ್ರಕ್ಕಾಗಿ ನರ್ತಕಿಯರನ್ನು ಸೇರಿಸಿಕೊಳ್ಳುತ್ತಿದ್ದಾಗ ತಿಂಗಳಿಗೆ ಅರುವತ್ತೈದು ರೂಪಾಯಿ ಕೊಡುವೆವೆಂದರೆ ಒಪ್ಪದೆ, ವಾದಿಸಿ ಎಪ್ಪತ್ತೈದು ಮಾಡಿಸಿಕೊಂಡರೆಂದು ಹೇಳುತ್ತಾರೆ. ನಡೆದದ್ದು ಹಾಗೆಯೇ ಆದರೆ, ಮುಂದೆ ತೆರೆಯ ಮೇಲೆ ಬೆಳೆದ ಮರಕ್ಕೆ ಬೀಜವು ಆ ಹತ್ತು ರೂಪಾಯಿಗಳಲ್ಲಿಯೇ ಇದ್ದಿತೆನ್ನಬೇಕು.

ಎಲ್ಲ ನಟಿಯರಂತೆ ಅವರಿಗೂ ನಾಯಿಕೆಯಾಗಬೇಕೆಂಬ ಆಸೆಯಿದ್ದಿತು. ‘ಸೌದಾಮಿನಿ’ ಎಂಬ ಚಿತ್ರದಲ್ಲಿ ಆ ಅವಕಾಶವು ಕೈಗೆ ಬಂದಿದ್ದಾಗ ಕಾರಿನ ಅಪಘಾತವೊಂದರಲ್ಲಿ ಮುಖಕ್ಕೆ ಪೆಟ್ಟಾಯಿತು, ಪಾತ್ರವು ಕೈತಪ್ಪಿತು. ಹಿಂದಿ ಚಿತ್ರವೊಂದರಲ್ಲಿಯೂ ನಾಯಿಕೆಯ ಪಾತ್ರವು ಒದಗಿಬಂದಾಗ, ಅದನ್ನು ಇನ್ನೊಬ್ಬ ನಟಿಯಿಂದ ಕಿತ್ತು ತನಗೆ ಕೊಡುತ್ತಿರುವರೆಂಬುದು ತಿಳಿದು, ಒಬ್ಬಳ ಕಣ್ಣೀರಿನ ಮೇಲೆ ತನ್ನ ಸುಖ ಬೇಡವೆಂದು ಹಿಂದಿರುಗಿಸಿದರೆಂಬುದು ಅವರ ಬಾಳಿನ ಕಥೆ ಹೇಳುವವರೆಲ್ಲ ತಪ್ಪದೆ ಹೇಳುವ ಪ್ರಸಂಗ. 1950ರಲ್ಲಿ ಎಲ್. ವಿ. ಪ್ರಸಾದರು ‘ಸಂಸಾರಂ’ ಚಿತ್ರದಲ್ಲಿ ಗಯ್ಯಾಳಿ ಅತ್ತೆಯ ಪಾತ್ರವನ್ನು ಅವರಿಗೆ ಒಪ್ಪಿಸಿದರು. ಆಗ ಅವರ ವಯಸ್ಸು ಇಪ್ಪತ್ತಾರು. ಅದೇ ವರ್ಷ ನ್ಯಾಯಾಂಗದಲ್ಲಿದ್ದ ಪೆದ್ದಿಭೊಟ್ಲ ಚಲಪತಿರಾಯರೊಡನೆ ಅವರ ವಿವಾಹವೂ ಆಯಿತು. ಒಂದೇ ವರ್ಷದಲ್ಲಿ ಒಂದು ಮನೆಗೆ ಸೊಸೆಯಾಗಿ, ಇಡೀ ಆಂಧ್ರದೇಶಕ್ಕೆ ಅತ್ತೆಯಾದವರು ಚರಿತ್ರೆಯಲ್ಲಿ ಮತ್ತೊಬ್ಬರು ಇರಲಾರರು.

ವಯಸ್ಸಿನ ಲೆಕ್ಕವನ್ನು ಅವರ ವೃತ್ತಿಯು ಆ ಮೇಲೆ ಎಂದೂ ಗಣಿಸಲಿಲ್ಲ. 1957ರ ‘ಮಾಯಾಬಜಾರ್’ ಚಿತ್ರದಲ್ಲಿ ಅವರು ಹಿಡಿಂಬೆ. ಆಕೆಯ ಮಗನಾದ ಘಟೋತ್ಕಚನ ಪಾತ್ರವನ್ನು ವಹಿಸಿದವರು ಎಸ್. ವಿ. ರಂಗರಾಯರು. ಕೃಷ್ಣಾ ಜಿಲ್ಲೆಯ ನೂಜಿವೀಡಿನಲ್ಲಿ 1918ರಲ್ಲಿ ಜನಿಸಿದ ರಂಗರಾಯರು ತಮ್ಮ ಈ ತಾಯಿಗಿಂತ ಆರು ವರ್ಷ ದೊಡ್ಡವರು. ಆ ತಾಯಿಮಕ್ಕಳು ತೆರೆಯ ಮೇಲೆ ಕಾಣಿಸಿಕೊಂಡಾಗ ಈ ಲೆಕ್ಕವು ಯಾರಿಗೂ ಹೊಳೆಯಲಿಲ್ಲವೆಂಬುದೇ ಇಬ್ಬರ ಕಲೆಗೂ ಸಂದ ಗೌರವ. ಬೇರೆ ಚಿತ್ರಗಳಲ್ಲಿ ಅದೇ ರಂಗರಾಯರು ಅವರಿಗೆ ಗಂಡನಾಗಿ, ಅಷ್ಟು ದೊಡ್ಡ ಶರೀರವನ್ನು ಹಿಡಿಯಷ್ಟು ಮಾಡಿಕೊಂಡು ನಿಲ್ಲುತ್ತಿದ್ದರು. ‘ದೊಂಗರಾಮುಡು’, ‘ತೋಡಿಕೋಡಳ್ಳು’, ‘ವೆಲುಗುನೀಡಲು’ ಎಂದು ಒಂದರ ಮೇಲೊಂದು ಚಿತ್ರಗಳು ಬಂದವು. ‘ತೋಡಿಕೋಡಳ್ಳು’ ಎಂದರೆ ವಾರಗಿತ್ತಿಯರು. ಬಂಗಾಳದ ಶರಚ್ಚಂದ್ರರ ‘ನಿಷ್ಕೃತಿ’ಯ ಅವಿಭಕ್ತ ಕುಟುಂಬವು ಅದರಲ್ಲಿ ಗೋದಾವರಿಯ ನೀರು ಕುಡಿದು ತೆಲುಗು ಮನೆಯಾಯಿತು.

ಅವರ ಅಭಿನಯದ ರೀತಿಯನ್ನು ಸ್ವಲ್ಪ ನಿಂತು ನೋಡಬೇಕು. ನಗಿಸುವುದಕ್ಕೆಂದು ಅವರು ಕಣ್ಣು ಮಿಟುಕಿಸಿದವರಲ್ಲ, ಬಿದ್ದೆದ್ದವರಲ್ಲ, ಮುಖವನ್ನು ಸೊಟ್ಟ ಮಾಡಿದವರಲ್ಲ. ಅವರ ಪಾತ್ರಗಳಿಗೆ ತಾವು ಹಾಸ್ಯಪಾತ್ರಗಳೆಂಬುದು ಗೊತ್ತೇ ಇರಲಿಲ್ಲ. ಸೊಸೆಯು ಒಂದು ತಂಬಿಗೆ ಹಾಲನ್ನು ಹೆಚ್ಚಾಗಿ ಖರ್ಚು ಮಾಡಿದಳೆಂಬುದು ಆ ಅತ್ತೆಗೆ ರಾಜ್ಯ ಮುಳುಗಿದಷ್ಟು ಗಂಭೀರವಾದ ವಿಷಯ. ಆ ಗಾಂಭೀರ್ಯವು ಎಷ್ಟೆಷ್ಟು ಸತ್ಯವೋ ಅಷ್ಟಷ್ಟು ನಗೆ. ಅವರದು ಎಡಗೈ ವಾಟ. ಗದರಿಸುವಾಗ, ಲೆಕ್ಕ ಹೇಳುವಾಗ, ಗಂಡನನ್ನು ಹೊರಗೆ ಹೋಗೆನ್ನುವಾಗ ಮೊದಲು ಏಳುತ್ತಿದ್ದುದು ಆ ಎಡಗೈ. ಶುಭಕಾರ್ಯಕ್ಕೂ ಊಟಕ್ಕೂ ದಾನಕ್ಕೂ ಬಲಗೈಯನ್ನೇ ಬಲ್ಲ ನಮ್ಮ ಸಮಾಜದಲ್ಲಿ ಒಬ್ಬ ಹೆಂಗಸು ಎಡಗೈಯಾಡಿಸಿ ಮಾತನಾಡಿದರೆ ಒಂದು ಮಾತನ್ನೂ ಆಡದೆಯೇ ಅರ್ಧ ಜಗಳವು ಆಗಿಹೋದಂತೆ. ಪ್ರಕೃತಿಯು ಕೊಟ್ಟ ವಾಟವನ್ನು ತಿದ್ದಿಕೊಳ್ಳದೆ ಅದನ್ನೇ ಆಯುಧವಾಗಿ ಹಿಡಿದದ್ದು ಅವರ ಜಾಣ್ಮೆ. ಇನ್ನು ಮಾತಿನ ಓಟವೋ, ನಾಟಕದ ದೀರ್ಘಪ್ಲುತವಲ್ಲ. ಬಾವಿಕಟ್ಟೆಯಲ್ಲಿ ಕೊಡ ತುಂಬುವಷ್ಟರಲ್ಲಿ ಮೂರು ಮನೆಯ ಗುಟ್ಟನ್ನು ಹೊರಹಾಕಬಲ್ಲ ಕರಾವಳಿ ಆಂಧ್ರದ ಗೃಹಿಣಿಯ ಮಾತು.

ಈಗ ನಮ್ಮ ನಾಡಿಗೆ ಬರೋಣ. ಉಡುಪಿ ಸೀಮೆಯ ಬಿ. ವಿಠ್ಠಲಾಚಾರ್ಯರು ಅರಸೀಕೆರೆಯಲ್ಲಿ ಹೋಟೆಲು ನಡೆಸಿ, ಡಿ. ಶಂಕರಸಿಂಗರೊಡನೆ ಸೇರಿ ಮಹಾತ್ಮ ಪಿಕ್ಚರ್ಸ್ ಸಂಸ್ಥೆಯ ಮೂಲಕ ಚಿತ್ರರಂಗಕ್ಕೆ ಕಾಲಿಟ್ಟು, ಮುಂದೆ ಸ್ವತಂತ್ರರಾಗಿ ಮದರಾಸಿನಲ್ಲಿ ನೆಲೆಸಿದವರು; ಮಾಯೆ ಮಂತ್ರಗಳ ಚಿತ್ರಗಳಿಂದ ತೆಲುಗರ ‘ಜಾನಪದಬ್ರಹ್ಮ’ರಾಗುವುದಕ್ಕೆ ಮೊದಲು, 1958ರಲ್ಲಿ ಅವರು ಕನ್ನಡದಲ್ಲಿ ‘ಮನೆ ತುಂಬಿದ ಹೆಣ್ಣು’ ಎಂಬ ಸಾಂಸಾರಿಕ ಚಿತ್ರವನ್ನು ನಿರ್ಮಿಸಿದರು. ಅದಕ್ಕೆ ಹಣದ ನೆರವು ನೀಡಿದ್ದ ವಿಜಯಾ ಸಂಸ್ಥೆಯ ಬಿ. ನಾಗಿರೆಡ್ಡಿಯವರಿಗೆ ಕಥೆಯನ್ನು ತೆಲುಗಿನಲ್ಲಿ ತೆಗೆಯುವ ಹಕ್ಕು ಬಂದಿತು. ಆ ಕನ್ನಡ ಮನೆಯ ಯಜಮಾನಿತಿಯ ಹೆಸರು ಗುಂಡಮ್ಮ. ನಾಗಿರೆಡ್ಡಿಯವರ ಜತೆಗಾರರೂ ವಿಜಯಾ ಚಿತ್ರಗಳ ಬುದ್ಧಿಶಕ್ತಿಯೂ ಆಗಿದ್ದ ಚಕ್ರಪಾಣಿಯವರು ಕಥೆಯನ್ನು ತಿರುಗಿಸಿ ಮರುಗಿಸಿ, ಷೇಕ್ಸ್‌ಪಿಯರನ ಗಯ್ಯಾಳಿಯನ್ನು ಪಳಗಿಸುವ ನಾಟಕದಿಂದಲೂ ಒಂದಿಷ್ಟು ಎರವು ತಂದು, ಮೂಲದಲ್ಲಿ ಇದ್ದ ಎಷ್ಟೋ ಸಂಗತಿಗಳನ್ನು ಕೈಬಿಟ್ಟರು. ಹೆಸರನ್ನು ಮಾತ್ರ ಬಿಡಲಿಲ್ಲ. ಗುಂಡಮ್ಮ ಎಂಬುದು ತೆಲುಗಿನಲ್ಲಿ ರೂಢಿಯ ಹೆಸರಲ್ಲ. ಗುಂಡಪ್ಪ, ಗುಂಡಣ್ಣ, ಗುಂಡಮ್ಮಂದಿರು ನಮ್ಮ ಕಡೆಯವರು. ಬೀಸುವ ಕಲ್ಲಿನ ಉರುಳೂ ಆ ಕಲ್ಲಿನ ತೂಕವೂ ಒಟ್ಟಿಗೆ ಕಿವಿಗೆ ಬೀಳುವ ಆ ಹೆಸರು ಸೂರ್ಯಕಾಂತಂ ಅವರ ಮೈಕಟ್ಟಿಗೂ ಮಾತಿಗೂ ಅಳತೆ ತೆಗೆದು ಹೊಲಿದಂತೆ ಒಪ್ಪಿತು.

‘ಗುಂಡಮ್ಮ ಕಥ’ವು 1962ರ ಜೂನ್ 7ರಂದು ತೆರೆ ಕಂಡಿತು, ನಿರ್ದೇಶಕರು ಕಮಲಾಕರ ಕಾಮೇಶ್ವರರಾಯರು. ಎನ್. ಟಿ. ರಾಮರಾಯರಿಗೆ ಅದು ನೂರನೆಯ ಚಿತ್ರ, ನಾಗೇಶ್ವರರಾಯರಿಗೆ ತೊಂಬತ್ತೊಂಬತ್ತನೆಯದು. ಸಾವಿತ್ರಿ, ಜಮುನಾ, ರಂಗರಾಯರು, ರಮಣಾರೆಡ್ಡಿ ಎಲ್ಲರೂ ಇದ್ದರು. ಜಮುನಾ ಅವರು ಹುಟ್ಟಿದ್ದು ನಮ್ಮ ಹಂಪೆಯಲ್ಲಿ. ಹೀಗಾಗಿ ಗುಂಡಮ್ಮನ ಹೆಸರು ಹೇಗೋ ಹಾಗೆಯೇ ಗುಂಡಮ್ಮನ ಮುದ್ದಿನ ಮಗಳೂ ಕನ್ನಡ ನೆಲದಿಂದ ಹೋದವಳೆನ್ನಬಹುದು. ಅಷ್ಟು ಮಂದಿ ತಾರೆಯರಲ್ಲಿ ಯಾರ ಹೆಸರನ್ನು ಮೊದಲು ತೋರಿಸುವುದೆಂಬ ತೊಡಕಿಗೆ ನಾಗಿರೆಡ್ಡಿಯವರು ಹೆಸರುಗಳ ಬದಲಿಗೆ ಭಾವಚಿತ್ರಗಳನ್ನು ತೋರಿಸಿ ಪರಿಹಾರ ಕಂಡುಕೊಂಡರು. ಆದರೆ ಎರಡು ಮಹಾನಾಯಕರೂ ಎರಡು ಮಹಾನಾಯಿಕೆಯರೂ ಇದ್ದ ಆ ಚಿತ್ರದ ಶೀರ್ಷಿಕೆಯಲ್ಲಿ ಕುಳಿತದ್ದು ಒಬ್ಬ ವಿಧವೆ ಅತ್ತೆಯ ಹೆಸರು. ನಮ್ಮ ಚಿತ್ರರಂಗಗಳ ಚರಿತ್ರೆಯಲ್ಲಿ ಹಾಸ್ಯನಟಿಯೊಬ್ಬರಿಗೆ ಇದಕ್ಕಿಂತ ದೊಡ್ಡ ಪಟ್ಟಾಭಿಷೇಕವು ನಡೆದದ್ದು ವಿರಳ.

ಕಥೆಯು ಸರಳ. ಗುಂಡಮ್ಮನು ಸವತಿಯ ಮಗಳಾದ ಲಕ್ಷ್ಮಿಯನ್ನು ತೊತ್ತಿನಂತೆ ದುಡಿಸಿ, ತನ್ನ ಮಗಳಾದ ಸರೋಜೆಯನ್ನು ಅರಗಿಣಿಯಂತೆ ಸಾಕುತ್ತಾಳೆ. ಸಿರಿವಂತನಾದ ತಂದೆಯೊಬ್ಬನ ಇಬ್ಬರು ಗಂಡುಮಕ್ಕಳು ಆ ಇಬ್ಬರನ್ನೂ ವರಿಸುವುದಕ್ಕಾಗಿ ವೇಷಮರೆಸಿ ಬರುತ್ತಾರೆ. ಹಿರಿಯವನು ಅಂಜಿಯೆಂಬ ಆಳಾಗಿ ಗುಂಡಮ್ಮನ ಮನೆಯನ್ನು ಸೇರಿ ಹಿಟ್ಟು ರುಬ್ಬುತ್ತಾನೆ; ಪುರಾಣದ ಕೃಷ್ಣನಾಗಿ ಜನರಿಂದ ಕರ್ಪೂರದಾರತಿ ಎತ್ತಿಸಿಕೊಂಡಿದ್ದ ರಾಮರಾಯರು ಮಂಡಿಯವರೆಗಿನ ಚಡ್ಡಿ ತೊಟ್ಟು ಒರಳಿನ ಮುಂದೆ ಕುಳಿತದ್ದನ್ನು ಕಂಡು ಆ ನಾಡು ಹಿಗ್ಗಿತು. ಕೊನೆಗೆ ಗುಂಡಮ್ಮನಿಗಿಂತ ಗಟ್ಟಿಗಿತ್ತಿಯಾದ ಇನ್ನೊಬ್ಬಳು, ಛಾಯಾದೇವಿಯವರು ಅಭಿನಯಿಸಿದ ದುರ್ಗಮ್ಮ, ಆ ಮನೆಯನ್ನು ಹೊಕ್ಕು ಗುಂಡಮ್ಮನನ್ನೇ ಕೂಡಿಹಾಕುವಷ್ಟಕ್ಕೆ ಕೈಮೀರುತ್ತಾಳೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲವೆಂದು ನಮ್ಮವರು ಹೇಳುವ ಗಾದೆಗೆ ಇಲ್ಲಿ ಒಂದು ತಿದ್ದುಪಡಿ ಬಿದ್ದಿತು: ಅತ್ತೆಯ ಕಾಲವನ್ನು ಮುಗಿಸಿದವಳು ಸೊಸೆಯಲ್ಲ, ಮತ್ತೊಬ್ಬ ಗಯ್ಯಾಳಿ. ಆಗ ಪ್ರೇಕ್ಷಕರ ಮನಸ್ಸಿನಲ್ಲಿ ನಡೆದ ಪಲ್ಲಟವೇ ಸೂರ್ಯಕಾಂತಂ ಅವರ ಗೆಲುವು. ಅಲ್ಲಿಯವರೆಗೆ ಯಾರ ಸೋಲನ್ನು ಕಾಯುತ್ತಿದ್ದರೋ ಅವಳಿಗಾಗಿಯೇ ಅವರ ಮನಸ್ಸು ಕರಗಿತು. ಗುಂಡಮ್ಮನಲ್ಲಿದ್ದದ್ದು ದುಷ್ಟತನಕ್ಕಿಂತ ಹೆಚ್ಚಾಗಿ ಗಂಡಿಲ್ಲದ ಮನೆಯ ಆಸ್ತಿಯನ್ನೂ ಮಕ್ಕಳನ್ನೂ ಕಾಯುವ ಹೆಣ್ಣಿನ ಅಂಜಿಕೆ, ಮತ್ತು ಆ ಅಂಜಿಕೆಯನ್ನು ಮರೆಸುವ ಬಾಯಬಿರುಸು. ಇದನ್ನು ಸಂಭಾಷಣೆಯು ಬಿಡಿಸಿ ಹೇಳುವುದಿಲ್ಲ. ಆ ಮುಖದ ಮೇಲೆ ಅದು ಒಮ್ಮೊಮ್ಮೆ ಸುಳಿದು ಹೋಗುತ್ತದೆ.

ಸೂರ್ಯಕಾಂತಂ ಅವರ ಚಿತ್ರಗಳಿಗೆ ಹೆಂಗಸರು ಹಿಂಡುಹಿಂಡಾಗಿ ಬಂದದ್ದರ ಕಾರಣವೂ ಇಲ್ಲಿಯೇ ಇದೆ. ಚಿತ್ರಮಂದಿರದ ಹೆಂಗಸರ ಸಾಲಿನಲ್ಲಿ ಅತ್ತೆಯೂ ಸೊಸೆಯೂ ಮಗ್ಗುಲುಮಗ್ಗುಲಾಗಿ ಕುಳಿತಿರುತ್ತಿದ್ದರು. ಮನೆಯಲ್ಲಿ ಎದುರಾಡಲಾರದ ಸೊಸೆಯು ಕತ್ತಲೆಯಲ್ಲಿ ತೆರೆಯ ಮೇಲಣ ಅತ್ತೆಯನ್ನು ನೋಡಿ ಮನದಣಿಯೆ ನಕ್ಕಳು. ಪಕ್ಕದ ಅತ್ತೆಯೂ, ಅಂಥವಳು ನಾನಲ್ಲವಷ್ಟೆ ಎಂಬ ಸಮಾಧಾನದಿಂದ, ಅಷ್ಟೇ ಗಟ್ಟಿಯಾಗಿ ನಕ್ಕಳು. ಕೂಡುಕುಟುಂಬದ ಕಷ್ಟವನ್ನು ನ್ಯಾಯಾಲಯವೂ ಧರ್ಮಶಾಸ್ತ್ರವೂ 1950ರ ದಶಕದಲ್ಲಿ ತಮ್ಮ ತಮ್ಮ ರೀತಿಯಲ್ಲಿ ಚರ್ಚಿಸುತ್ತಿದ್ದಾಗ, ಮೂರು ತಾಸುಗಳ ಮಟ್ಟಿಗೆ ಇಬ್ಬರನ್ನೂ ಒಂದೇ ನಗೆಯಲ್ಲಿ ಕೂರಿಸಿ ಮನೆಗೆ ಕಳುಹಿಸಿದ ಕೀರ್ತಿಯು ಈ ನಟಿಗೆ ಸೇರತಕ್ಕದ್ದು.

ಕೀರ್ತಿಗೆ ತೆರಿಗೆಯೂ ಉಂಟು. ಚಿತ್ರಗಳು ಹೆಚ್ಚಿದಂತೆಲ್ಲ, ತೆಲುಗು ನಾಡಿನಲ್ಲಿ ಹುಟ್ಟಿದ ಹೆಣ್ಣುಕೂಸಿಗೆ ಸೂರ್ಯಕಾಂತಂ ಎಂದು ಹೆಸರಿಡುವವರು ಇಲ್ಲವಾದರು. ಎಂಥ ಒಳ್ಳೆಯ ತೆಲುಗು ಹೆಸರು ನಿಮ್ಮಿಂದ ಹಾಳಾಯಿತೆಂದು ಸಹನಟರಾದ ಗುಮ್ಮಡಿಯವರು ಅವರನ್ನು ಛೇಡಿಸಿದ್ದರೆಂಬುದು ಪ್ರಸಿದ್ಧವಾದ ಮಾತು. ಕುಂಭಕರ್ಣ, ನಾರದ, ಶಕುನಿ ಮೊದಲಾದ ಅಂಕಿತನಾಮಗಳು ರೂಢನಾಮಗಳಾಗಿರುವುದನ್ನು ನಾವು ಬಲ್ಲೆವು. ಆದರೆ ಅವರೆಲ್ಲ ಕಾವ್ಯದೊಳಗಿನ ವ್ಯಕ್ತಿಗಳು, ಹೆಸರು ಕೆಟ್ಟಿತೆಂದು ಮನೆಗೆ ಹೋಗಿ ಕೊರಗುವವರಲ್ಲ. ಹಿಂದಿಯ ಹಾಸ್ಯನಟಿ ಟುನ್‌ಟುನ್ ಅವರದು ಇನ್ನೊಂದು ಬಗೆ. ಉಮಾದೇವಿಯೆಂಬ ಹೆಸರಿನಿಂದ 1947ರ ‘ದರ್ದ್’ ಚಿತ್ರಕ್ಕೆ ಹಾಡಿ ಮನ್ನಣೆ ಗಳಿಸಿದ್ದ ಆಕೆ ಹಾಸ್ಯಕ್ಕೆ ಬಂದಾಗ ಒಂದು ಅಡ್ಡಹೆಸರನ್ನು ತೊಟ್ಟರು; ಸ್ಥೂಲಕಾಯದ ಹೆಂಗಸರನ್ನೆಲ್ಲ ಜನ ಆ ಹೆಸರಿನಿಂದ ಕರೆದರೂ ಉಮಾದೇವಿಯು ಅದರ ಹಿಂದೆ ಮರೆಯಾಗಿ, ಸುರಕ್ಷಿತವಾಗಿ ಉಳಿದಳು. ಸೂರ್ಯಕಾಂತಂ ಅವರಿಗೆ ಅಂಥ ಕವಚವಿರಲಿಲ್ಲ. ಗುಂಡಮ್ಮ ಎಂಬ ಪಾತ್ರದ ಹೆಸರೇ ಬೈಗುಳವಾಗಬೇಕಾಗಿತ್ತು. ಅದು ಕನ್ನಡದ ಹೆಸರಾದುದರಿಂದಲೋ ಏನೋ, ತೆಲುಗರು ಅದನ್ನು ಚಿತ್ರಕ್ಕೆ ಬಿಟ್ಟು, ನಟಿಯ ಸ್ವಂತ ಹೆಸರನ್ನೇ ಬೀದಿಗೆ ತೆಗೆದುಕೊಂಡರು.

ಹೆಸರು ಉಳಿದುದರ ಬೆಲೆಯನ್ನು ನೋಡಿದೆವು. ಉಳಿಯದೆ ಹೋದುದರ ಬೆಲೆಯನ್ನೂ ನೋಡುವುದು ನ್ಯಾಯ. ಬೆಂಜ್ ಸರ್ಕಲ್ಲಿನಿಂದ ಬಂದರು ರಸ್ತೆಯಲ್ಲಿ ಹೊರಟು ಕಾನೂರು, ಪೋರಂಕಿ, ಪೆನಮಲೂರುಗಳನ್ನು ದಾಟಿದರೆ ಕಂಕಿಪಾಡು ಸಿಗುತ್ತದೆ. ತೆಲುಗಿನ ಇನ್ನೊಬ್ಬ ಹಾಸ್ಯನಟಿ ಗಿರಿಜಾ ಅವರು ಆ ಊರಿನವರು. ತಾಯಿ ದಾಸರಿ ರಾಮತಿಲಕಂ ಅವರೂ ನಟಿಯಾಗಿದ್ದವರು. 1950ರ ‘ಪರಮಾನಂದಯ್ಯ ಶಿಷ್ಯುಲು’ ಚಿತ್ರದಿಂದ ಕಾಲಿಟ್ಟು, ಮರುವರ್ಷದ ‘ಪಾತಾಳಭೈರವಿ’ಯಲ್ಲಿ ದೇವಿಯಾಗಿಯೇ ಪ್ರತ್ಯಕ್ಷರಾದ ಗಿರಿಜಾ, ಮುಂದೆ ಹಾಸ್ಯನಟ ರೇಲಂಗಿಯವರ ಜೋಡಿಯಾಗಿ ಒಂದೂವರೆ ದಶಕದಷ್ಟು ಕಾಲ ನಾಡನ್ನು ನಗಿಸಿದರು. ಸೂರ್ಯಕಾಂತಂ ಅವರದು ಗದರುವ ಹಾಸ್ಯವಾದರೆ ಗಿರಿಜಾ ಅವರದು ಚಿಗುರುವ ಹಾಸ್ಯ. ಹುಬ್ಬಿನ ಕುಣಿತ, ಹುಸಿಮುನಿಸು, ರೇಲಂಗಿಯವರ ಅಂಜುಬುರುಕತನಕ್ಕೆ ಹೊಂದಿಕೊಂಡು ಮುನ್ನುಗ್ಗುವ ಸಲಿಗೆ. ರೇಲಂಗಿಯವರು 1970ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದರು. ಗಿರಿಜಾ ಅವರ ಕೊನೆಯ ವರ್ಷಗಳು ಕಷ್ಟದಲ್ಲಿ ಕಳೆದು, 1995ರಲ್ಲಿ ಅವರು ತೀರಿಕೊಂಡರು. ಹರೆಯದ ಹಾಸ್ಯಕ್ಕೆ ಹರೆಯದಷ್ಟೇ ಆಯುಷ್ಯ; ಅತ್ತೆಯ ಹಾಸ್ಯಕ್ಕೆ ಮುಪ್ಪೆಂಬುದೇ ಇಲ್ಲ. ಇಪ್ಪತ್ತಾರರಲ್ಲಿಯೇ ಅತ್ತೆಯಾದ ಸೂರ್ಯಕಾಂತಂ ತೊಂಬತ್ತರ ದಶಕದವರೆಗೂ ಅತ್ತೆಯಾಗಿಯೇ ನಡೆದರು. ‘ಸೌದಾಮಿನಿ’ಯ ನಾಯಿಕೆಯಾಗಿದ್ದರೆ ಅವರ ವೃತ್ತಿಯು ಎಷ್ಟು ವರ್ಷದ್ದಾಗುತ್ತಿತ್ತೋ ಯಾರು ಬಲ್ಲರು! ಕನ್ನಡದಲ್ಲಿಯೂ ರಮಾದೇವಿ, ಎಂ. ಎನ್. ಲಕ್ಷ್ಮೀದೇವಿ, ಬಿ. ಜಯಾ ಅವರಂಥವರು ನಮ್ಮ ಕಪ್ಪುಬಿಳುಪಿನ ಚಿತ್ರಗಳ ಅಡುಗೆಮನೆಗಳನ್ನು ನಗೆಯಿಂದ ತುಂಬಿದರು. ಅವರ ಮುಖಗಳನ್ನು ಕಂಡೊಡನೆ ಹಿಗ್ಗುವ ನಾವು ಹೆಸರು ಹೇಳುವಾಗ ತಡವರಿಸುತ್ತೇವೆ.

ಇನ್ನು ಕೇಶಿರಾಜನ ಮೂರು ಬಗೆಗಳಲ್ಲಿ ಅನ್ವರ್ಥನಾಮ ಉಳಿದಿದೆ. ಸೂರ್ಯಕಾಂತವೆಂಬುದು ನಮ್ಮ ಪೂರ್ವಕವಿಗಳು ಬಲ್ಲ ಒಂದು ಶಿಲೆ. ಚಂದ್ರಕಾಂತವು ಬೆಳುದಿಂಗಳು ಸೋಕಿದಾಗ ದ್ರವಿಸುವಂತೆ, ಸೂರ್ಯಕಾಂತವು ಬಿಸಿಲಿನ ಕಿರಣ ತಾಗಿದಾಗ ಕಿಡಿ ಕಾರುವುದೆಂಬುದು ಕವಿಸಮಯ. ಕಿರಣವು ಸರಿದರೆ ಅದು ಕೈಯಿಂದ ಮುಟ್ಟಬಹುದಾದ ತಣ್ಣನೆಯ ಕಲ್ಲು. ಸಹನಟರು ನೆನೆದುಕೊಂಡಿರುವ ಸೂರ್ಯಕಾಂತಂ ಅವರ ಸ್ವಭಾವಕ್ಕೆ ಇದಕ್ಕಿಂತ ಯುಕ್ತವಾದ ಉಪಮಾನವನ್ನು ಹುಡುಕಬೇಕಾಗಿಲ್ಲ. ಸಂಭಾವನೆಯ ವಿಷಯದಲ್ಲಿ ಅವರು ಕಟ್ಟುನಿಟ್ಟು. ಆಡಿದ ಹಣವನ್ನು ಪೈಸೆಗೆ ಪೈಸೆ ಪಡೆಯುತ್ತಿದ್ದರು. ಆದರೆ ಕಷ್ಟವೆಂದು ಬಂದವರನ್ನು ಬರಿಗೈಯಲ್ಲಿ ಕಳುಹಿಸುತ್ತಿರಲಿಲ್ಲ, ಮತ್ತು ಚಿತ್ರೀಕರಣಕ್ಕೆ ತಾವೊಬ್ಬರೇ ಉಣ್ಣುವಷ್ಟು ಬುತ್ತಿಯನ್ನು ಎಂದೂ ತರುತ್ತಿರಲಿಲ್ಲ. 1994ರ ಡಿಸೆಂಬರಿನಲ್ಲಿ ಅವರು ಮದರಾಸಿನಲ್ಲಿ ತೀರಿಕೊಂಡಾಗ, ನೂರಾರು ಚಿತ್ರಗಳ ಆ ದೀರ್ಘಯಾತ್ರೆಗೆ ತಕ್ಕಷ್ಟು ಜನ ಕಡೆಯ ದರ್ಶನಕ್ಕೆ ಬರಲಿಲ್ಲವೆಂದು ಬಲ್ಲವರು ನೊಂದುಕೊಂಡು ಹೇಳುವುದುಂಟು. ಸೇರಿದ ಜನರ ಲೆಕ್ಕಕ್ಕಿಂತ ಮಧ್ಯಾಹ್ನದ ಆ ಬುತ್ತಿಯ ನೆನಪು ಅವರಿಗೆ ಹೆಚ್ಚು ತಕ್ಕ ಶ್ರದ್ಧಾಂಜಲಿಯೆಂದು ತೋರುತ್ತದೆ. ಸ್ಟುಡಿಯೋದ ದೀಪಗಳು ಉರಿಯುತ್ತಿರುವಷ್ಟು ಹೊತ್ತು ಯಾರ ಎಡಗೈಗೆ ಹೆದರಿ ಗಂಡಂದಿರೂ ಸೊಸೆಯರೂ ಆಳುಗಳೂ ಮೂಲೆ ಹಿಡಿಯುತ್ತಿದ್ದರೋ, ದೀಪವಾರಿದೊಡನೆ ಅವರೆಲ್ಲ ವೇಷದಲ್ಲಿಯೇ ಬಂದು, ಎಲೆ ಹಿಡಿದು, ಆಕೆಯ ಕ್ಯಾರಿಯರಿನ ಮುಂದೆ ಸಾಲಾಗಿ ಕುಳಿತುಕೊಳ್ಳುತ್ತಿದ್ದರು. ಆಕೆ ಪುಳಿಯೋಗರೆಯನ್ನು ಬಡಿಸುತ್ತಿದ್ದರು.